ಒಡೆಯದ ಪಿನ್ ಕೋಡ್: 576101

(ಉಡುಪಿಯಲ್ಲಿ ಗಣಿತ ಅಧ್ಯಾಪಕರು ಮತ್ತು ಲೆಕ್ಕದಲ್ಲಿ ಆಸಕ್ತಿ ಇರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ. ಪೆನ್ನು, ಕಾಗದ ಮತ್ತು ಅಂಗಡಿಗಳಲ್ಲಿ ಇರುತ್ತದಲ್ಲ, ಆ ಹನ್ನೆರಡು ಅಂಕಿಯ ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಳ್ಳೆಯದು.)

ಎಲ್ಲರಿಗೂ ನಮಸ್ಕಾರ.

ಉಡುಪಿಯ ಪ್ರಧಾನ ಅಂಚೆ ಕಚೇರಿಯ ಪಿನ್ ಕೋಡ್ 576101, ಮಂಗಳೂರಿನದು 575001. 1972ರ ಆಗಸ್ಟ್ 15ರಂದು ಪಿನ್ ಪದ್ಧತಿ ಬಂದಾಗ ಮೊದಲ ಅಂಕಿ ವಲಯಕ್ಕೆ, ಮೊದಲ ಮೂರು ಅಂಕಿ ಸೇರಿ ವಿಂಗಡಣೆಯ ಜಿಲ್ಲೆಗೆ, ಕೊನೆಯ ಮೂರು ಅಂಕಿ ಅಂಚೆ ಕಚೇರಿಗೆ ಎಂದು ಹಂಚಿಕೆಯಾಯಿತು. ಹಂಚಿದವರು ಅಪವರ್ತನಗಳ ಬಗ್ಗೆ ಯೋಚಿಸಿರಲಿಕ್ಕಿಲ್ಲ. ಆದರೂ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಸುಲಭವಾಗಿ ಒಡೆಯುತ್ತದೆ, ಇನ್ನೊಂದು ಒಡೆಯುವುದೇ ಇಲ್ಲ. 576101 ಅವಿಭಾಜ್ಯ ಸಂಖ್ಯೆ.

ಇದರಲ್ಲಿ ಮಹಿಮೆ ಹುಡುಕಬೇಡಿ. ಈ ಗಾತ್ರದ ಸಂಖ್ಯೆಗಳ ನಡುವೆ ಸುಮಾರು ಹದಿಮೂರಕ್ಕೆ ಒಂದು ಅವಿಭಾಜ್ಯ ಸಿಗುತ್ತದೆ. 1, 3, 7, 9ರಲ್ಲಿ ಕೊನೆಯಾಗುವವುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಐದಕ್ಕೆ ಒಂದು. ಮೊಬೈಲಿನಲ್ಲಿ ಹುಡುಕಿದರೆ ಅವಿಭಾಜ್ಯ ಹೌದೋ ಅಲ್ಲವೋ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಇವತ್ತಿನ ವಿಷಯ ಅದಲ್ಲ. ಆರು ಅಂಕಿಯ ಸಂಖ್ಯೆ ಒಡೆಯುವುದಿಲ್ಲ ಎಂದು ಕೈಲೆಕ್ಕದಲ್ಲಿ, ಇನ್ನೊಬ್ಬರು ತಪಾಸಣೆ ಮಾಡಬಹುದಾದ ಹಾಗೆ ತೋರಿಸುವುದು ಹೇಗೆ ಎಂಬುದು ವಿಷಯ.

ಮೊದಲು ಮಂಗಳೂರನ್ನು ಮುಗಿಸಿಬಿಡೋಣ. 575001ರ ಅಂಕಿಗಳ ಮೊತ್ತ 18, ಹಾಗಾಗಿ 9ರಿಂದ ಭಾಗವಾಗುತ್ತದೆ. ಇನ್ನು 7, 11, 13 ಈ ಮೂರನ್ನೂ ಒಂದೇ ಏಟಿಗೆ ನೋಡುವ ಉಪಾಯ ಇದೆ. 7 × 11 × 13 = 1001. ಅಂದರೆ ಸಾವಿರವನ್ನು ಇವುಗಳಲ್ಲಿ ಯಾವುದರಿಂದ ಭಾಗಿಸಿದರೂ ಅದು −1ರ ಹಾಗೆ ವರ್ತಿಸುತ್ತದೆ. ಆದ್ದರಿಂದ ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಕಡಿದು, ಒಂದರಿಂದ ಇನ್ನೊಂದನ್ನು ಕಳೆದರೆ ಸಾಕು: 575 − 001 = 574. ಇದು 7 × 82. 11 ಮತ್ತು 13ರಿಂದ ಭಾಗವಾಗುವುದಿಲ್ಲ. ಹೀಗೆ 575001 = 9 × 7 × 9127.

9127 ಮತ್ತೆ ಒಡೆಯುತ್ತದೆಯೇ? ಅದರ ವರ್ಗಮೂಲ 95 ಚಿಲ್ಲರೆ, ಹಾಗಾಗಿ 89ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 11, 13 ಆಗಲೇ ಹೊರಗೆ. ಆದರೆ 3ನ್ನೂ 7ನ್ನೂ ಇನ್ನೊಮ್ಮೆ ನೋಡಬೇಕು, ಒಂದೇ ಅಪವರ್ತನ ಎರಡು ಸಲ ಬರಬಹುದಲ್ಲ. ಮಕ್ಕಳು ಬಿಟ್ಟುಬಿಡುವುದು ಇಲ್ಲೇ. ಯಾವುದೂ ತಗಲುವುದಿಲ್ಲ. ಹತ್ತಿರ ಬರುವುದು 73: 73 × 125 = 9125, ಶೇಷ 2. 9127 ಅವಿಭಾಜ್ಯ, ಮಂಗಳೂರಿನ ಕಥೆ ಮುಗಿಯಿತು.

ಈಗ 576101. ಕೊನೆಯ ಅಂಕಿ 1, ಮೊತ್ತ 20, ಆದ್ದರಿಂದ 2, 3, 5 ಇಲ್ಲ. 576 ಮತ್ತು 101ರ ವ್ಯತ್ಯಾಸ 475, ಅದು 5 × 5 × 19. ಹಾಗಾಗಿ 7, 11, 13 ಕೂಡ ಇಲ್ಲ. ವರ್ಗಮೂಲ 759ಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಏಕೆಂದರೆ 759ರ ವರ್ಗ 576081. ಅಷ್ಟರೊಳಗಿನ ಕೊನೆಯ ಅವಿಭಾಜ್ಯ 757. 2ರಿಂದ 757ರವರೆಗೆ ಒಟ್ಟು 134 ಅವಿಭಾಜ್ಯಗಳಿವೆ. ಸಾಲಾಗಿ ಭಾಗಿಸುತ್ತಾ ಹೋದರೆ ಎಲ್ಲೂ ಶೇಷ ಸೊನ್ನೆ ಬರುವುದಿಲ್ಲ. 631 ಆಸೆ ಹುಟ್ಟಿಸುತ್ತದೆ: 631 × 913 = 576103, ಎರಡು ಹೆಚ್ಚಾಯಿತು.

ಈ ದಾರಿ ಸರಿಯಾದದ್ದೇ. ಆದರೆ ಒಂದು ದೋಷ ಇದೆ. 134 ಭಾಗಾಕಾರಗಳಲ್ಲಿ ಎಂಬತ್ತನೆಯದರಲ್ಲಿ ಕೈತಪ್ಪಿ, ಸೊನ್ನೆ ಬರಬೇಕಾದಲ್ಲಿ 4 ಎಂದು ಬರೆದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಉತ್ತರ ‘ಅವಿಭಾಜ್ಯ’ ಎಂದೇ ಬರುತ್ತದೆ. 134 ಸಲ ‘ಇಲ್ಲ’ ಎಂದ ಮೇಲೂ ಕೈಗೆ ಸಿಕ್ಕುವ ವಸ್ತು ಏನೂ ಉಳಿಯುವುದಿಲ್ಲ.

ಕೈಗೆ ವಸ್ತು ಕೊಡುವ ದಾರಿ ಹದಿನೆಂಟನೇ ಶತಮಾನದ ಗಣಿತಜ್ಞ ಆಯ್ಲರ್ ಬಳಸಿದ್ದು: ಎರಡು ವರ್ಗಗಳ ಮೊತ್ತ. 4ರಿಂದ ಭಾಗಿಸಿದಾಗ ಶೇಷ 1 ಉಳಿಯುವ ಪ್ರತಿಯೊಂದು ಅವಿಭಾಜ್ಯವೂ ಎರಡು ವರ್ಗಗಳ ಮೊತ್ತವಾಗುತ್ತದೆ, ಅದೂ ಒಂದೇ ಒಂದು ರೀತಿಯಲ್ಲಿ. 13 = 9 + 4. 29 = 25 + 4. ಇದನ್ನು ಹೇಳಿದವನು ಅವನಿಗಿಂತ ನೂರು ವರ್ಷ ಹಿಂದಿನ ಫ್ರೆಂಚ್ ಗಣಿತಜ್ಞ ಫರ್ಮಾ, ಸಾಧಿಸಿದವನು ಆಯ್ಲರ್. ಇದನ್ನು ತಿರುಗಿಸಿದರೆ ಪರೀಕ್ಷೆ ಸಿಗುತ್ತದೆ. ಶೇಷ 1 ಬರುವ ಸಂಖ್ಯೆಯನ್ನು ಎರಡು ವರ್ಗಗಳಾಗಿ (ಸೊನ್ನೆಯ ವರ್ಗವನ್ನೂ ಸೇರಿಸಿ) ಒಡೆಯುವ ಎಲ್ಲ ರೀತಿಗಳನ್ನೂ ಹುಡುಕಿ. ಒಂದೂ ಸಿಗದಿದ್ದರೆ ಸಂಯುಕ್ತ ಸಂಖ್ಯೆ, ಅಂದರೆ ಅಪವರ್ತನಗಳಾಗಿ ಒಡೆಯುವಂಥದ್ದು. ಎರಡು ಅಥವಾ ಹೆಚ್ಚು ಸಿಕ್ಕರೂ ಸಂಯುಕ್ತ. ಒಂದೇ ಒಂದು ಸಿಕ್ಕಿ, ಆ ಎರಡು ವರ್ಗಮೂಲಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದಿದ್ದರೆ ಅವಿಭಾಜ್ಯ. ಕೊನೆಯ ಷರತ್ತನ್ನು ಮರೆಯಬಾರದು: 45 = 36 + 9, ಒಂದೇ ರೀತಿ, ಆದರೆ 6ಕ್ಕೂ 3ಕ್ಕೂ 3 ಸಾಮಾನ್ಯ.

ಎರಡು ರೀತಿಯಲ್ಲಿ ಒಡೆದರೆ ಸಂಯುಕ್ತವೇ ಯಾಕೆ ಆಗಬೇಕು? ಇದಕ್ಕೆ ಬ್ರಹ್ಮಗುಪ್ತನ ‘ಭಾವನಾ’ ಎಂಬ ಸೇರಿಸುವ ವಿಧಾನದ ಒಂದು ರೂಪ ಸಾಕು. ಎರಡು ವರ್ಗಗಳ ಮೊತ್ತವಾದ ಸಂಖ್ಯೆಯನ್ನು ಅಂಥದ್ದೇ ಇನ್ನೊಂದರಿಂದ ಗುಣಿಸಿದರೆ, ಗುಣಲಬ್ಧವೂ ಎರಡು ವರ್ಗಗಳ ಮೊತ್ತ, ಅದೂ ಎರಡು ರೀತಿಯಲ್ಲಿ. ಸೂತ್ರ ಬರೆಯುವುದಕ್ಕಿಂತ 1000009 ಎಂಬ ಸಂಖ್ಯೆಯಲ್ಲಿ ನೋಡೋಣ, ಸೂತ್ರ ತಾನಾಗಿ ಕಾಣುತ್ತದೆ.

1000009 ನೋಡಿದ ಕೂಡಲೇ 1000ದ ವರ್ಗ ಮತ್ತು 3ರ ವರ್ಗ ಕಾಣಿಸುತ್ತದೆ. ‘ಸಿಕ್ಕಿತು, ಅವಿಭಾಜ್ಯ’ ಎಂದು ಅಲ್ಲಿಗೇ ನಿಲ್ಲಿಸಿದರೆ ಕೆಟ್ಟೆವು. ಈ ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂಬ ಒಂದೇ ಪ್ರಶ್ನೆಗೆ ಆಯ್ಲರ್ ಒಂದು ಇಡೀ ಲೇಖನ ಬರೆದಿದ್ದಾನೆ. ಉತ್ತರ: ಅಲ್ಲ. 235ರ ವರ್ಗ 55225, 972ರ ವರ್ಗ 944784, ಎರಡೂ ಸೇರಿ 1000009. ಎರಡನೆಯ ರೀತಿ ಸಿಕ್ಕಿತಲ್ಲ, ಈಗ ಅಪವರ್ತನವನ್ನೂ ಹಿಂಡಿ ತೆಗೆಯಬಹುದು. ಸಮದ ಜೊತೆ ಸಮ, ಬೆಸದ ಜೊತೆ ಬೆಸ ಇಡಿ. 1000 − 972 = 28, 235 − 3 = 232, ಇವುಗಳ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) 4. 1000 + 972 = 1972, 235 + 3 = 238, ಇವುಗಳ ಮ.ಸಾ.ಅ. 34. ಎರಡನ್ನೂ ಅರ್ಧ ಮಾಡಿ: 2 ಮತ್ತು 17. ವರ್ಗ ಮಾಡಿ ಕೂಡಿಸಿ: 4 + 289 = 293. ಭಾಗಿಸಿ ನೋಡಿ: 293 × 3413 = 1000009.

ಹಿಂದಿನಿಂದ ನಡೆದರೆ ಭಾವನೆ ಕಾಣುತ್ತದೆ. 293ರಲ್ಲಿ 17 ಮತ್ತು 2 ಇವೆ. 3413ರಲ್ಲಿ 58 ಮತ್ತು 7, ಏಕೆಂದರೆ 3364 + 49. ನೇರ ಗುಣಿಸಿ: 17 × 58 = 986, 2 × 7 = 14. ಅಡ್ಡ ಗುಣಿಸಿ: 17 × 7 = 119, 2 × 58 = 116. ನೇರದ್ದನ್ನು ಕೂಡಿ ಅಡ್ಡದ್ದನ್ನು ಕಳೆದರೆ 1000 ಮತ್ತು 3. ನೇರದ್ದನ್ನು ಕಳೆದು ಅಡ್ಡದ್ದನ್ನು ಕೂಡಿದರೆ 972 ಮತ್ತು 235. ಎರಡು ಅಪವರ್ತನ, ಅದಕ್ಕೇ ಎರಡು ರೂಪ.

ಉಡುಪಿಗೆ ವಾಪಸು ಬರೋಣ. 576101ನ್ನು 4ರಿಂದ ಭಾಗಿಸಿದರೆ ಶೇಷ 1, ಹಾಗಾಗಿ ಪರೀಕ್ಷೆ ಅನ್ವಯಿಸುತ್ತದೆ. ಎರಡು ವರ್ಗಗಳನ್ನು ಹುಡುಕಬೇಕು. 1ರಿಂದ 759ರವರೆಗೆ ಒಂದೊಂದನ್ನೇ ಕಳೆದು ನೋಡಬೇಕಾಗಿಲ್ಲ, ಗೆರಸೆಯಲ್ಲಿ ಕೇರಿದ ಹಾಗೆ ಜೊಳ್ಳು ಹಾರಿಸುತ್ತಾ ಹೋಗಬಹುದು.

ಮೊದಲ ಕೇರು 25ರದ್ದು. ಯಾವ ವರ್ಗವನ್ನು 5ರಿಂದ ಭಾಗಿಸಿದರೂ ಶೇಷ 0, 1 ಅಥವಾ 4. ನಮ್ಮ ಸಂಖ್ಯೆಯ ಶೇಷ 1. ಅದು 0 + 1ರಿಂದ ಮಾತ್ರ ಬರಲು ಸಾಧ್ಯ. ಆದ್ದರಿಂದ ಎರಡರಲ್ಲಿ ಒಂದು 5ರ ಗುಣಕ, ಅದರ ವರ್ಗ 25ರ ಗುಣಕ. 576101ನ್ನು 25ರಿಂದ ಭಾಗಿಸಿದರೆ ಶೇಷ 1, ಹಾಗಾಗಿ ಇನ್ನೊಂದರ ವರ್ಗಕ್ಕೂ ಶೇಷ 1 ಇರಲೇಬೇಕು. ಅದನ್ನು ಬ ಎನ್ನಿ. (ಬ − 1)(ಬ + 1) ಎಂಬುದು 25ರಿಂದ ಭಾಗವಾಗಬೇಕು. ಇವೆರಡರ ವ್ಯತ್ಯಾಸ 2 ಆದ್ದರಿಂದ 5 ಇಬ್ಬರಲ್ಲೂ ಹಂಚಿಹೋಗಲಾರದು. ಬ ಎಂಬುದು 25ರ ಗುಣಕದ ಒಂದು ಹಿಂದೆ ಅಥವಾ ಒಂದು ಮುಂದೆ: 1, 24, 26, 49, 51, 74, 76, ಹೀಗೆ 751ರವರೆಗೆ. ಒಟ್ಟು 61. ಇದಿಷ್ಟಕ್ಕೇ 759 ಹೋಗಿ 61 ಆಯಿತು.

ಎರಡನೆಯದು 16. ಬೆಸದ ವರ್ಗಕ್ಕೆ ಶೇಷ 1 ಅಥವಾ 9, ಸಮದ ವರ್ಗಕ್ಕೆ 0 ಅಥವಾ 4. ನಮಗೆ ಬೇಕಾದದ್ದು 5. ಅದು 1 + 4 ಮಾತ್ರ. ಬ ಸಮವಾಗಿದ್ದರೆ 4ರಿಂದ ಭಾಗವಾಗಬಾರದು. ಬೆಸವಾಗಿದ್ದರೆ 8ರ ಗುಣಕದ ಪಕ್ಕದಲ್ಲೇ ಇರಬೇಕು. 61ರಲ್ಲಿ ಉಳಿದದ್ದು 30. ಮೂರನೆಯದು 3: ನಮ್ಮ ಶೇಷ 2, ಬರುವುದು 1 + 1ರಿಂದ ಮಾತ್ರ, ಆದ್ದರಿಂದ 3ರ ಗುಣಕಗಳೆಲ್ಲ ಹೊರಗೆ. ಉಳಿದದ್ದು 21.

ಮುಂದೆ 7, 11, 13. ಶೇಷಗಳು ಕ್ರಮವಾಗಿ 1, 9, 6. 7ರಲ್ಲಿ ವರ್ಗಗಳ ಶೇಷ 0, 1, 2, 4 ಮಾತ್ರ. ಬ ವರ್ಗದ ಶೇಷ 2 ಆದರೆ ಇನ್ನೊಂದಕ್ಕೆ 6 ಬೇಕಾಗುತ್ತದೆ, ಅಂಥ ವರ್ಗವೇ ಇಲ್ಲ. ಹಾಗಾಗಿ 7ರಿಂದ ಭಾಗಿಸಿದಾಗ 3 ಅಥವಾ 4 ಉಳಿಯುವ ಬ ಎಲ್ಲ ಹೋಗಲಿ. ಉಳಿದದ್ದು 14. 11ರಲ್ಲೂ ಹೀಗೇ ಲೆಕ್ಕ ಹಾಕಿದರೆ 8 ಉಳಿಯುತ್ತವೆ: 26, 449, 526, 574, 601, 649, 674, 751. 13ರಲ್ಲಿ ಕೇರಿದ ಮೇಲೆ ನಾಲ್ಕೇ ನಾಲ್ಕು: 449, 526, 601, 751.

ಈಗ ಕಳೆದು ನೋಡುವುದು. 449ರ ವರ್ಗ ಕಳೆದರೆ 374500, ಅಂದರೆ 3745ರ ನೂರು ಪಟ್ಟು. 3745 ಪೂರ್ಣ ವರ್ಗ ಅಲ್ಲ. 526ಕ್ಕೆ 299425. ಇದು 547ರ ವರ್ಗ 299209ಕ್ಕೂ 548ರ ವರ್ಗ 300304ಕ್ಕೂ ನಡುವೆ ಬೀಳುತ್ತದೆ. 601ಕ್ಕೆ 214900, 2149 ಕೂಡ ವರ್ಗ ಅಲ್ಲ. 751ರ ವರ್ಗ 564001. ಕಳೆದರೆ 12100. ಅದು 110ರ ವರ್ಗ!

576101 = 751² + 110². ಒಂದೇ ರೀತಿ. 751ಕ್ಕೂ 110ಕ್ಕೂ ಸಾಮಾನ್ಯ ಅಪವರ್ತನ ಇಲ್ಲ. ಸಾಧನೆ ಮುಗಿಯಿತು. 134 ಭಾಗಾಕಾರ ಮಾಡಲಿಲ್ಲ, ಒಂದು ಪುಟದಲ್ಲಿ ಕೆಲಸವಾಯಿತು. ಇದನ್ನು ಸಹೋದ್ಯೋಗಿಯ ಕೈಗೆ ಕೊಟ್ಟರೆ ಹತ್ತು ನಿಮಿಷದಲ್ಲಿ ಸಾಲು ಸಾಲಾಗಿ ಪರಿಶೀಲಿಸಬಹುದು.

ಇದರಲ್ಲಿ ಎಲ್ಲಿ ಎಡವುತ್ತಾರೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. 1001ರ ಉಪಾಯದಲ್ಲಿ ನಾವು 576 − 101 = 475 ಎಂದೆವು. ಭಾಗವಾಗುತ್ತದೆಯೇ ಇಲ್ಲವೇ ಎಂಬುದಷ್ಟೇ ಬೇಕಿದ್ದಾಗ ಯಾವುದರಿಂದ ಯಾವುದನ್ನು ಕಳೆದರೂ ತೊಂದರೆ ಇಲ್ಲ. ಶೇಷವೇ ಬೇಕಾದಾಗ ಹಾಗಲ್ಲ. ಸಾವಿರ ಎಂದರೆ −1, ಆದ್ದರಿಂದ ಲೆಕ್ಕ 101 − 576 = −475. 475ನ್ನು 13ರಿಂದ ಭಾಗಿಸಿದರೆ ಶೇಷ 7. ಚಿಹ್ನೆ ತಿರುಗಿಸಿದರೆ 13 − 7 = 6. ಈ 6ರ ಬದಲು 7 ಎಂದೇ ಬರೆದುಕೊಂಡು ಮುಂದುವರಿದರೆ ಏನಾಗುತ್ತದೆ ಗೊತ್ತೇ? 751ನ್ನು 13ರಿಂದ ಭಾಗಿಸಿದಾಗ ಶೇಷ 10, ವರ್ಗದ ಶೇಷ 9. 7 − 9 = −2, ಅಂದರೆ 11. 13ರಲ್ಲಿ ವರ್ಗಗಳ ಶೇಷ 0, 1, 3, 4, 9, 10, 12. 11 ಅದರಲ್ಲಿ ಇಲ್ಲ. ಜೊಳ್ಳಿನ ಜೊತೆ ಕಾಳೂ ಹಾರಿಹೋಯಿತು! ಒಂದೂ ರೂಪ ಸಿಗುವುದಿಲ್ಲ, ನಿಯಮದ ಪ್ರಕಾರ ‘ಸಂಯುಕ್ತ’ ಎಂದು ತೀರ್ಮಾನ. ಒಂದು ಕಳೆಯುವ ಚಿಹ್ನೆಗೆ ಇಡೀ ಉತ್ತರ ಉಲ್ಟಾ. ಹಾಗಾಗಿ ಶೇಷಗಳನ್ನು ಉಪಾಯದಿಂದ ತೆಗೆದ ಮೇಲೆ ಒಮ್ಮೆ ನೇರವಾಗಿ ಭಾಗಿಸಿ ತಾಳೆ ನೋಡಿ: 13 × 44315 = 576095, ಶೇಷ 6.

ಇನ್ನೊಂದು ಎಡವು ಅವಸರದ್ದು. 751 ಸಿಕ್ಕ ಕೂಡಲೇ ಉಳಿದ ಮೂರನ್ನು ನೋಡದೆ ಬಿಡುವುದು. 1000009ರಲ್ಲಿ ಅವಸರ ಮಾಡಿದ್ದರೆ ಏನಾಗುತ್ತಿತ್ತು ಎಂದು ಆಗಲೇ ನೋಡಿದೆವು. ಒಂದು ರೂಪ ಸಿಕ್ಕಿದ್ದರಿಂದ ಏನೂ ಸಾಬೀತಾಗುವುದಿಲ್ಲ, ಬೇರೆ ರೂಪ ಇಲ್ಲ ಎಂಬುದೇ ಸಾಧನೆಯ ತಿರುಳು.

ಇಷ್ಟಾದ ಮೇಲೆ ಸ್ವತಂತ್ರವಾದ ಇನ್ನೊಂದು ತಾಳೆ ಬೇಕೆನಿಸಿದರೆ ಕ್ಯಾಲ್ಕುಲೇಟರ್ ಕೈಗೆತ್ತಿಕೊಳ್ಳಿ. ಫರ್ಮಾನ ಇನ್ನೊಂದು ಪ್ರಮೇಯದ ಪ್ರಕಾರ 576101 ಅವಿಭಾಜ್ಯವಾದರೆ 2ರ 576100ನೇ ಘಾತವನ್ನು ಅದರಿಂದ ಭಾಗಿಸಿದಾಗ ಶೇಷ 1 ಬರಬೇಕು. ಇಷ್ಟು ದೊಡ್ಡ ಘಾತಕ್ಕೆ ಏಣಿ ಹತ್ತಬೇಕು. 576100ನ್ನು ಅರ್ಧ ಮಾಡುತ್ತಾ, ಅರೆ ಬಂದಲ್ಲಿ ಬಿಟ್ಟು, ಬರೆಯಿರಿ: 576100, 288050, 144025, 72012, 36006, 18003, 9001, 4500, 2250, 1125, 562, 281, 140, 70, 35, 17, 8, 4, 2, 1. ಈಗ ಕೆಳಗಿನಿಂದ ಮೇಲಕ್ಕೆ. ಪ್ರತಿ ಮೆಟ್ಟಿಲಿಗೂ ಹಿಂದಿನ ಶೇಷವನ್ನು ವರ್ಗ ಮಾಡಿ. ಹೋಗಬೇಕಾದ ಮೆಟ್ಟಿಲು ಬೆಸವಾಗಿದ್ದರೆ 2ರಿಂದಲೂ ಗುಣಿಸಿ. 576101ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಒಟ್ಟು 19 ಸಲ ವರ್ಗ ಮಾಡಿದರೆ ತುದಿ.

17ರವರೆಗೆ ಸುಲಭ: 131072, ಇನ್ನೂ 576101 ದಾಟಿಲ್ಲ. 35ಕ್ಕೆ ಹೋಗಲು ಅದನ್ನು ವರ್ಗ ಮಾಡಿ 2ರಿಂದ ಗುಣಿಸಿದರೆ 34,35,97,38,368. ಭಾಗಲಬ್ಧ 59641, ಶೇಷ 498627. ಇಲ್ಲಿ ಒಂದು ಜಾಣತನ: 498627ರ ಬದಲು ಅದನ್ನು 576101ರಿಂದ ಕಳೆದು −77474 ಎಂದು ಇಟ್ಟುಕೊಳ್ಳಿ. ವರ್ಗ ಮಾಡುವಾಗ ಚಿಹ್ನೆ ಹೋಗುತ್ತದೆ, ಅಂಕಿಗಳೂ ಕಡಿಮೆ. 77474ರ ವರ್ಗ 6,00,22,20,676, ಶೇಷ 400458. ಇದು 70ರ ಮೆಟ್ಟಿಲು.

ಶೇಷ ತೆಗೆಯುವಾಗ ಭಾಗಿಸಿ ಬಂದ ಉತ್ತರದ ದಶಾಂಶ ಭಾಗವನ್ನು 576101ರಿಂದ ಗುಣಿಸಬೇಡಿ, ಕ್ಯಾಲ್ಕುಲೇಟರ್ ಕೊನೆಯ ಅಂಕಿಗಳನ್ನು ಕತ್ತರಿಸಿರುತ್ತದೆ. ಪೂರ್ಣ ಭಾಗಲಬ್ಧವನ್ನಷ್ಟೇ ಗುಣಿಸಿ, ಮೂಲದಿಂದ ಕಳೆಯಿರಿ. ಹತ್ತು ಅಂಕಿಯ ಕ್ಯಾಲ್ಕುಲೇಟರ್ ಇದಕ್ಕೆ ಸಾಲದು, ಹನ್ನೆರಡು ಅಂಕಿಯದು ಸಾಕು. ಪ್ರತಿ ಮೆಟ್ಟಿಲಲ್ಲೂ ಒಂಬತ್ತರ ತಾಳೆ ನೋಡಿ. 77474ರ ಅಂಕಿಗಳನ್ನು ಕೂಡಿಸುತ್ತಾ ಹೋದರೆ 2, ವರ್ಗ 4. ಇನ್ನೊಂದು ಕಡೆ 576101ಕ್ಕೆ 2, ಭಾಗಲಬ್ಧ 10418ಕ್ಕೆ 5, ಗುಣಿಸಿದರೆ 10, ಅಂದರೆ 1. ಶೇಷ 400458ಕ್ಕೆ 3. 1 + 3 = 4. ಸರಿ ಹೋಯಿತು. ಆದರೆ ಎರಡು ಅಂಕಿ ಅದಲುಬದಲಾದರೆ ಈ ತಾಳೆಗೆ ಗೊತ್ತಾಗುವುದಿಲ್ಲ, ಎಚ್ಚರ.

ತುದಿಗೆ ಬಂದಾಗ 288050ರ ಮೆಟ್ಟಿಲಲ್ಲಿ ಶೇಷ 576100, ಅಂದರೆ −1 ಬರಬೇಕು. 8ರಿಂದ ಭಾಗಿಸಿದಾಗ 5 ಉಳಿಯುವ ಅವಿಭಾಜ್ಯಗಳಿಗೆಲ್ಲ ಇದು ನಿಯಮ. ವರ್ಗ ಮಾಡಿದರೆ ಕೊನೆಯ ಮೆಟ್ಟಿಲಲ್ಲಿ 1. ಬೇರೆ ಏನಾದರೂ ಬಂದರೆ ನಡುವೆ ಎಲ್ಲೋ ಕೈ ತಪ್ಪಿದೆ ಎಂದೇ ಅರ್ಥ.

ಈ ಏಣಿಯನ್ನೇ ಸಾಧನೆ ಎಂದು ಯಾಕೆ ತೆಗೆದುಕೊಳ್ಳಬಾರದು ಎಂದು ಸಭೆಯಿಂದ ಪ್ರಶ್ನೆ ಬಂತು. 341 = 11 × 31. ಆದರೂ 2ರ 340ನೇ ಘಾತಕ್ಕೆ ಶೇಷ 1 ಬರುತ್ತದೆ. 561 ಇನ್ನೂ ಘಾಟಿ: ತನ್ನ ಅಪವರ್ತನಗಳಾದ 3, 11, 17ರ ಗುಣಕಗಳನ್ನು ಬಿಟ್ಟು ಯಾವ ಸಂಖ್ಯೆಯಿಂದ ಪರೀಕ್ಷಿಸಿದರೂ ಪಾಸಾಗುತ್ತದೆ. ರಾಮಾನುಜನ್ ಹೆಸರಿನ ಜೊತೆ ಎಲ್ಲರೂ ನೆನೆಯುವ 1729 ಕೂಡ ಇದೇ ಜಾತಿಯದು, 7 × 13 × 19. ಏಣಿಯಲ್ಲಿ 1 ಬರದಿದ್ದರೆ ಸಂಯುಕ್ತ ಎಂಬುದು ಖಚಿತ, ಬಂದರೆ ಅವಿಭಾಜ್ಯ ಎಂಬುದು ಖಚಿತವಲ್ಲ. ನೂರಾರು ಅಂಕಿಗಳ ಸಂಖ್ಯೆಗಳಿಗೆ ಕಂಪ್ಯೂಟರು ಬಳಸುವುದು ಈ ಏಣಿಯ ಬಿಗಿಗೊಳಿಸಿದ ರೂಪಗಳನ್ನೇ. ಸಂದೇಹಕ್ಕೆ ಎಡೆಯಿಲ್ಲದ, ಎಲ್ಲ ಸಂಖ್ಯೆಗಳಿಗೂ ಸಲ್ಲುವ ವೇಗದ ವಿಧಾನವನ್ನು 2002ರಲ್ಲಿ ಕೊಟ್ಟವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ.

ಉಳಿದ ಪಿನ್ ಕೋಡುಗಳ ಬಗ್ಗೆಯೂ ಕೇಳಿದರು. ಮಣಿಪಾಲದ 576104 ಸಮ ಸಂಖ್ಯೆ, 8ರಿಂದ ಭಾಗವಾಗುತ್ತದೆ, ಮಾತೇ ಇಲ್ಲ. ಸುರತ್ಕಲ್‌ನ ಎನ್‌ಐಟಿಕೆಯ 575025 ಪುಡಿಪುಡಿ: 3 × 5 × 5 × 11 × 17 × 41. ಕೊಡಿಯಾಲಬೈಲಿನ 575003ಕ್ಕೆ 1001ರ ಉಪಾಯವೇ ಸಾಕು: 575 − 3 = 572, ಅದು 4 × 11 × 13. ಹಾಗಾಗಿ 575003 = 11 × 13 × 4021. ಮಂಗಳೂರಿನ 575001ಕ್ಕೆ 4ರಲ್ಲಿ ಶೇಷ 1 ಬರುತ್ತದಲ್ಲ, ಅದನ್ನೂ ವರ್ಗಗಳಾಗಿ ಒಡೆಯಬಹುದೇ ಎಂದು ಒಬ್ಬರು ಕೇಳಿದ್ದು ಒಳ್ಳೆಯ ಪ್ರಶ್ನೆ. ಆಗುವುದಿಲ್ಲ. 7ಕ್ಕೂ 9127ಕ್ಕೂ 4ರಲ್ಲಿ ಶೇಷ 3. ಅಂಥ ಅವಿಭಾಜ್ಯ ಬೆಸ ಸಲ ಬಂದರೆ ಎರಡು ವರ್ಗಗಳ ಮೊತ್ತ ಸಾಧ್ಯವಿಲ್ಲ. ‘ಒಂದೂ ಸಿಗದಿದ್ದರೆ ಸಂಯುಕ್ತ’ ಎಂದೆವಲ್ಲ, ಅದಕ್ಕೆ ಉದಾಹರಣೆ ಇದೇ.

ಸಂಖ್ಯೆಗೇ 4ರಲ್ಲಿ ಶೇಷ 3 ಬಂದರೆ ಈ ಪರೀಕ್ಷೆ ನಡೆಯುವುದಿಲ್ಲ. ಆಗ ಒಂದು ವರ್ಗ ಮತ್ತು ಇನ್ನೊಂದು ವರ್ಗದ ಎರಡು ಪಟ್ಟು, ಅಥವಾ ಮೂರು ಪಟ್ಟು, ಹೀಗೆ ಬೇರೆ ಗುಣಕ ಹಿಡಿಯಬೇಕು. ಎಲ್ಲ ಗುಣಕಗಳೂ ಈ ಕೆಲಸಕ್ಕೆ ಒಗ್ಗುವುದಿಲ್ಲ. ಒಗ್ಗುವ 65 ಗುಣಕಗಳನ್ನು ಆಯ್ಲರ್ ಪಟ್ಟಿ ಮಾಡಿದ, ಅದರಲ್ಲಿ ದೊಡ್ಡದು 1848. ಅದೊಂದನ್ನೇ ಹಿಡಿದು ಅವನು 1,85,18,809 ಅವಿಭಾಜ್ಯ ಎಂದು ತೋರಿಸಿದ. 197ರ ವರ್ಗ 38,809. ನೂರರ ವರ್ಗದ 1848 ಪಟ್ಟು 1,84,80,000. ಎರಡನ್ನೂ ಕೂಡಿಸಿ ನೋಡಿ.